ಫಿಲ್ಟರಿನ ಕಿವಿರು ನೋಡಿದವರು

ಹೆಸರು ಬರೆಯಬಾರದು ಎಂದು ಅವರದ್ದೇ ಕಟ್ಟಪ್ಪಣೆ. "ಹೆಸರು ಹಾಕಿದೆಯೋ, ನಾಳೆಯಿಂದ ಜನ ಫಿಲ್ಟರ್ ಹೊತ್ತುಕೊಂಡು ಕಾಪುವಿಗೇ ಬರ್ತಾರೆ. ಮಂಡಿನೋವು ಅಂತಲೇ ಕೆಲಸ ಬಿಟ್ಟದ್ದಲ್ವಾ ನಾನು?" ಎಂದರು. ಸರಿ, ಈ ಬರಹದಲ್ಲಿ ಅವರು ಬರೀ ಅಕ್ಕ. ಅಂಗಡಿಯಲ್ಲಿ ನಾವೆಲ್ಲ ಕರೆಯುತ್ತಿದ್ದುದೂ ಹಾಗೆಯೇ. ನಮ್ಮ ಧಣಿಗಳು ಅವರಿಗಿಂತ ಆರು ವರ್ಷ ದೊಡ್ಡವರು, ಅವರೂ ಅಕ್ಕ ಎಂದೇ ಕರೆಯುತ್ತಿದ್ದರು. ಅದು ಗೌರವವೋ ಹೆದರಿಕೆಯೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ನಾನು ಉಡುಪಿಯ ಒಂದು ಅಡ್ಡರಸ್ತೆಯಲ್ಲಿರುವ ವಾಟರ್ ಫಿಲ್ಟರ್ ಅಂಗಡಿಯಲ್ಲಿ ಫೋನ್ ಎತ್ತುವವಳು. ಜನರ ಬೈಗುಳ ಕೇಳಿ, ಅದನ್ನು ಸಭ್ಯ ಭಾಷೆಗೆ ಇಳಿಸಿ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಉದ್ಯೋಗ. "ನಿಮ್ಮ ಡಬ್ಬಾ ಫಿಲ್ಟರನ್ನು ಮಲ್ಪೆ ಕಡಲಿಗೆ ಬಿಸಾಡ್ತೇನೆ" ಎಂದು ಯಾರಾದರೂ ಅರಚಿದರೆ ನಾನು "ನೀರಿನ ಹರಿವು ಕಡಿಮೆ" ಎಂದು ಬರೆಯುತ್ತೇನೆ. ಹನ್ನೆರಡು ವರ್ಷದಲ್ಲಿ ಈ ಕಲೆ ನನಗೆ ಚೆನ್ನಾಗಿ ಒಲಿದಿದೆ. ಒಂದು ಫೋನಿಗೆ ಮಾತ್ರ ಸೋತಿದ್ದೇನೆ. ಅದು ಅಕ್ಕನ ಮೇಲೆ ಬಂದ ಫೋನು. ಅದಕ್ಕೆ ಆಮೇಲೆ ಬರುತ್ತೇನೆ.

ಅಕ್ಕನನ್ನು ಮೊದಲು ನೋಡಿದ್ದು ಗಿರಾಕಿಯಾಗಿ. ಆಗ ಅವರು ಮನೆಮನೆಗೆ ಮೀನು ಮಾರುತ್ತಿದ್ದರು. ಕಾಪುವಿನ ಕಡಲ ಬದಿಯ ಅವರ ಮನೆಯ ಬಾವಿ ಬೇಸಗೆ ಬಂತೆಂದರೆ ಉಪ್ಪಾಗುತ್ತಿತ್ತು, ಹಾಗಾಗಿ ನಮ್ಮಲ್ಲಿಂದ ಒಂದು ಫಿಲ್ಟರ್ ಹಾಕಿಸಿಕೊಂಡಿದ್ದರು. ಅದು ಕೆಟ್ಟಿತು. ನಮ್ಮ ಮೆಕ್ಯಾನಿಕ್ ಇವತ್ತು ಬರ್ತೇನೆ, ನಾಳೆ ಬರ್ತೇನೆ ಎಂದು ಎರಡು ವಾರ ಕಳೆದ. ಹದಿನೈದನೆಯ ದಿನ ಅಕ್ಕ ಖಾಲಿ ಬುಟ್ಟಿಯೊಂದಿಗೆ ಅಂಗಡಿಗೆ ನುಗ್ಗಿ, ಪೇಪರಿನಲ್ಲಿ ಸುತ್ತಿದ್ದ ಏನನ್ನೋ ನನ್ನ ಮೇಜಿನ ಮೇಲೆ ದಪ್ಪನೆ ಹಾಕಿದರು.

"ನೋಡಿ ಇದರ ಕಿವಿರು!"

ಮೀನೆಂದೇ ಭಾವಿಸಿ ನಾನು ಕುರ್ಚಿ ಹಿಂದಕ್ಕೆ ತಳ್ಳಿದೆ. ನೋಡಿದರೆ ಫಿಲ್ಟರಿನೊಳಗಿನ ನೂಲಿನ ಉರುಳೆ. ಬೆಳ್ಳಗಿರಬೇಕಾದದ್ದು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಗಲಾಟೆ ಕೇಳಿ ಧಣಿಗಳು ಒಳಗಿನಿಂದ ಬಂದರು.

"ಮೀನಿನ ಕಿವಿರು ಕೆಂಪಿದ್ದರೆ ತಾಜಾ. ಇದರದ್ದು ಕೆಂಪಿದ್ದರೆ ಸತ್ತಿದೆ ಅಂತ ಅರ್ಥ. ಇದು ಸತ್ತು ಮೂರು ತಿಂಗಳಾಗಿದೆ, ಗೊತ್ತುಂಟಾ ನಿಮಗೆ?"

"ಇದನ್ನು ಬಿಚ್ಚಿದ್ದು ಯಾರು?" ಎಂದು ಧಣಿಗಳು ಕೇಳಿದರು.

"ನಾನೇ. ಮುಚ್ಚಳ ಮೀನು ಕೊಯ್ಯುವ ಕತ್ತಿಯ ಹಿಂಬದಿಯಲ್ಲಿ, ಒಳಗಿನದ್ದು ಬರಿಗೈಯಲ್ಲಿ."

"ಪುನಃ ಜೋಡಿಸಲಿಕ್ಕೆ ಬರ್ತದಾ?"

"ಜೋಡಿಸಿ ಇಟ್ಟೇ ಬಂದದ್ದು. ಇದೊಂದು ಹೊಸತು ಕೊಡಿ. ಆ ನಿಮ್ಮ ಮೆಕ್ಯಾನಿಕ್ ಮಾತ್ರ ನಮ್ಮ ಕೇರಿಗೆ ಬರುವುದು ಬೇಡ, ಹೆಂಗಸರು ಕಾಯ್ತಾ ಇದ್ದಾರೆ."

ಧಣಿಗಳು ಅವರ ಮುಖ ನೋಡಿದರು, ಉರುಳೆ ನೋಡಿದರು, ನನ್ನ ಮುಖ ನೋಡಿದರು. ಮುಂದಿನ ತಿಂಗಳು ಅಕ್ಕ ಬುಟ್ಟಿ ಇಳಿಸಿ ನಮ್ಮ ಸ್ಪ್ಯಾನರ್ ಬ್ಯಾಗ್ ಹೆಗಲಿಗೇರಿಸಿದರು.

ತರಬೇತಿ ಕೊಡಲು ಕಂಪನಿಯಿಂದ ಟೈ ಕಟ್ಟಿದ ಒಬ್ಬರು ಬಂದಿದ್ದರು. ಅವರು ನೀರಿಗೆ ಅದ್ದುವ ಮೀಟರು ತೋರಿಸಿ ಅರ್ಧ ಗಂಟೆ ಪಾಠ ಮಾಡಿದರು. ಅಕ್ಕ ಮೀಟರನ್ನು ಶ್ರದ್ಧೆಯಿಂದ ಅದ್ದಿ, ಅಂಕಿ ಓದಿ, ಆಮೇಲೆ ಉರುಳೆಯನ್ನು ಹೆಬ್ಬೆರಳಿನಿಂದ ಒತ್ತಿ, ಮೂಗಿನ ಹತ್ತಿರ ಹಿಡಿದು, ಒಂದು ಹುಬ್ಬು ಮೇಲೇರಿಸಿದರು. ಹುಬ್ಬು ಹೇಳಿದ್ದೂ ಮೀಟರು ಹೇಳಿದ್ದೂ ಒಂದೇ ಆಗಿತ್ತು. ಟೈಯವರು ಹೋಗುವಾಗ "ಇವರಿಗೆ ಇನ್ನೆಂತ ಕಲಿಸುವುದು?" ಎಂದು ಗೊಣಗುತ್ತಾ ಹೋದರು.

ಊರೂರಿನ ಫಿಲ್ಟರುಗಳಿಗೆ ಒಂದೊಂದು ಬಗೆಯ ಸಾವು ಎನ್ನುವುದು ಅಕ್ಕನ ಸಿದ್ಧಾಂತ. "ಬಜಗೋಳಿಯದ್ದು ಕೆಂಪಾಗಿ ಸಾಯ್ತದೆ, ಅಲ್ಲಿಯ ಮಣ್ಣು ಹಾಗೆ. ಕೆಮ್ಮಣ್ಣಿನದ್ದು ಉಪ್ಪು ತಿಂದು ಸಾಯ್ತದೆ. ಮಣಿಪಾಲದ್ದು ಬೇಜಾರಿನಿಂದ ಸಾಯ್ತದೆ. ಮನೆಯಲ್ಲಿ ಯಾರೂ ಇರುವುದಿಲ್ಲ, ಇದ್ದವರು ನೀರು ಕುಡಿಯುವುದಿಲ್ಲ, ಜ್ಯೂಸ್." ಕುಕ್ಕುಂದೂರಿನ ಒಂದು ಮನೆಯದ್ದು ಮಾತ್ರ ಯಾವ ಸಿದ್ಧಾಂತಕ್ಕೂ ಸಿಗಲಿಲ್ಲ. ಅಲ್ಲಿ ಗಲ್ಫಿನಿಂದ ಬಂದ ಮಗ, ಬಾಗಿಲಿಗೆ ಲೋಟ ಒತ್ತಿದರೆ ನೀರು ಬೀಳುವ ದೊಡ್ಡ ಫ್ರಿಜ್ಜು ತಂದಿದ್ದ. ನೆಂಟರು ಬರುವ ದಿನ ತಾಯಿ ಅದರ ನೀರಿನ ಟ್ಯಾಂಕಿಗೆ ಬೆಲ್ಲ ಹಾಕಿದ ಪುನರ್ಪುಳಿ ಶರಬತ್ತು ತುಂಬಿಸಿಬಿಟ್ಟರು. ಅವತ್ತು ಮನೆಗೆ ಮನೆಯೇ ಸರದಿಯಲ್ಲಿ ನಿಂತು ಲೋಟ ಒತ್ತಿದೆ. ಮಾರನೆಯ ದಿನದಿಂದ ಎಷ್ಟು ತೊಳೆದರೂ ಗುಲಾಬಿ ಬಣ್ಣದ ನೀರು, ನಳ್ಳಿಯ ಬಾಯಲ್ಲಿ ಇರುವೆ ಸಾಲು. ಅಕ್ಕ ಹೋಗಿ, ಮೊದಲು ಎರಡು ಲೋಟ ಅದನ್ನೇ ಕುಡಿದು, ಬೆಲ್ಲ ಕಡಿಮೆ ಆಗಿದೆ ಎಂದು ಆ ತಾಯಿಗೆ ಹೇಳಿ, ಆಮೇಲೆ ಟ್ಯಾಂಕು ಬಿಚ್ಚಿದರಂತೆ.

ಅವರ ಗಂಟಲಿನ ವಿಷಯ ಹೇಳದಿದ್ದರೆ ಈ ಚಿತ್ರ ಪೂರ್ತಿಯಾಗುವುದಿಲ್ಲ. ಗೇಟಿನಲ್ಲಿ ಬೆಲ್ ಇದ್ದರೂ ಅದನ್ನು ಒತ್ತುವ ಅಭ್ಯಾಸ ಅವರಿಗೆ ಬರಲೇ ಇಲ್ಲ. ರಸ್ತೆಯಲ್ಲೇ ನಿಂತು "ಫಿಲ್ಟ...ರ್!" ಎಂದು ಎಳೆದು ಕೂಗುತ್ತಿದ್ದರು. ಇಪ್ಪತ್ತು ವರ್ಷ ಮೀನು ಕೂಗಿದ ರಾಗ ಅದು. ಮನೆಯವರು ಹೊರಗೆ ಬರುವ ಮೊದಲು ಓಣಿಯ ಬೆಕ್ಕುಗಳು ಬಂದು ಸಾಲಾಗಿ ಕೂರುತ್ತಿದ್ದವು. ಅಕ್ಕ ಬ್ಯಾಗು ತೆರೆದು ಹೊಸ ಫಿಲ್ಟರ್ ತೆಗೆದಾಗ ಆ ಬೆಕ್ಕುಗಳ ಮುಖ ನೋಡಬೇಕಿತ್ತು. "ಯಾನ್ ಸೈತೆ!" ಎಂದು ಅಕ್ಕ ತುಳುವಿನಲ್ಲಿ ಬೊಬ್ಬೆ ಹೊಡೆದು, ನಗುತ್ತಾ ಸತ್ತೇಹೋದವರಂತೆ ಕಾಂಪೌಂಡಿಗೆ ಒರಗುತ್ತಿದ್ದರು.

ಇಷ್ಟೆಲ್ಲ ಗಲಾಟೆಯ ಹೆಂಗಸು ಅಡುಗೆಮನೆಯ ಹೊಸ್ತಿಲಿನಲ್ಲಿ ಮಾತ್ರ ಬೇರೆಯೇ ಆಗುತ್ತಿದ್ದರು. ಬ್ಯಾಗಿನಲ್ಲಿ ಒಂದು ಸಣ್ಣ ಡಬ್ಬಿ ತುಂಬ ಹುಣಸೆಹುಳಿ. ಪ್ರತಿ ಮನೆಯಲ್ಲೂ ಹೊರಗಿನ ನಳ್ಳಿಯಲ್ಲಿ ಹುಳಿ ಹಾಕಿ ಕೈ ಉಜ್ಜಿ, ಸಾಬೂನಿನಲ್ಲಿ ತೊಳೆದು, ಎರಡೂ ಅಂಗೈಯನ್ನು ಮನೆಯವರಿಗೆ ತೋರಿಸಿಯೇ ಒಳಗೆ ಕಾಲಿಡುತ್ತಿದ್ದರು. ಮೀನಿನ ವ್ಯಾಪಾರ ಬಿಟ್ಟು ವರ್ಷಗಳಾದರೂ ಇದು ತಪ್ಪಲಿಲ್ಲ. "ಡಾಕ್ಟರು ಆಪರೇಷನ್ ಮಾಡುವುದಾ?" ಎಂದು ನಾನು ಚುಡಾಯಿಸುತ್ತಿದ್ದೆ. ಆಗ ಅದು ನನಗೆ ಬರೀ ತಮಾಷೆಯಾಗಿ ಕಂಡಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಈಗ ಆ ಫೋನು.

ಮಣಿಪಾಲದ ಒಂದು ಫ್ಲ್ಯಾಟಿನಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮತ್ತು ಅವರ ಹೆಂಡತಿ ಇದ್ದಾರೆ. ಗೋಡೆಯಲ್ಲಿ ನಮ್ಮ ಫಿಲ್ಟರು. ಅದರ ನೀರನ್ನು ತುಂಬಿಸಿಡಲು ಫ್ರಿಜ್ಜಿನ ಬಾಗಿಲಲ್ಲಿ ಟ್ಯಾಂಕು. ಅಕ್ಕ ಹೋಗಿ ಎರಡನ್ನೂ ತೊಳೆದು ಬಂದು ವಾರವಾಗಿತ್ತು ಅಷ್ಟೆ.

"ನಿಮ್ಮಲ್ಲಿಂದ ಬಂದ ಹೆಂಗಸು ಮೊದಲು ಮೀನು ಮಾರುತ್ತಿದ್ದವರಂತೆ, ಹೌದಾ?" ಎಂದಿತು ಅಧಿಕಾರಿಗಳ ದನಿ. "ನಮ್ಮ ಫ್ರಿಜ್ಜಿನ ನೀರಿಗೆ ಮೀನಿನ ವಾಸನೆ ಬರ್ತಾ ಉಂಟು. ನಾವು ಶುದ್ಧ ಸಸ್ಯಾಹಾರಿಗಳು. ನನ್ನ ಹೆಂಡತಿಗೆ ಎರಡು ದಿನದಿಂದ ಊಟ ಸೇರುವುದಿಲ್ಲ. ಆ ಕೈ ಒಳಗೆ ಹೋದದ್ದರಿಂದಲೇ ಇದು. ಅವರನ್ನು ಇನ್ನು ಯಾರ ಅಡುಗೆಮನೆಗೂ ಕಳಿಸಬೇಡಿ. ಇಡೀ ಅಪಾರ್ಟ್‌ಮೆಂಟಿಗೆ ಹೇಳ್ತೇನೆ ನಾನು."

ನಾನು ರಿಜಿಸ್ಟರಿನಲ್ಲಿ "ನೀರಿನಲ್ಲಿ" ಎಂದು ಬರೆದೆ. ಮುಂದಿನ ಪದ ಬರಲಿಲ್ಲ.

ಧಣಿಗಳು ಕೆಟ್ಟವರಲ್ಲ. ಅಕ್ಕನನ್ನು ಕರೆದು ಕುಳ್ಳಿರಿಸಿ, "ನಾನು ನಂಬುವುದಿಲ್ಲ ಅಕ್ಕ. ಆದರೆ ಆ ಕಟ್ಟಡದಲ್ಲಿ ಮನೆಮನೆಯಲ್ಲೂ ನಮ್ಮದೇ ಫಿಲ್ಟರು. ಇದು ನಿಜ ಅಂತ ಆದರೆ ನಿಮ್ಮನ್ನು ಕೆಲಸಕ್ಕೆ ಕಳಿಸಲಿಕ್ಕೆ ನನಗೆ ಬಾಯಿ ಇರುವುದಿಲ್ಲ" ಎಂದರು. ಸಾಕ್ಷಿಗೆಂದು ನನ್ನನ್ನೂ ಜೊತೆಗೆ ಹೊರಡಿಸಿದರು.

ಹೊರಡುವ ಮೊದಲು ಅಕ್ಕ ಅಂಗಡಿಯ ಹಿಂದಿನ ನಳ್ಳಿಯಲ್ಲಿ ಕೈ ತೊಳೆಯುತ್ತಿದ್ದರು. ಒಂದು ಸಲ, ಎರಡು ಸಲ, ಐದು ಸಲ.

"ಸಾಕು ಅಕ್ಕ, ಚರ್ಮ ಹೋಗ್ತದೆ" ಎಂದೆ.

"ಬುಟ್ಟಿ ಹೊತ್ತಾಗ ಇಪ್ಪತ್ತು ವರ್ಷ ಅಂಗಳದಲ್ಲೇ ನಿಂತವಳು ನಾನು. ಬಾಯಾರಿದರೆ ನೀರು ಅಂಗಳಕ್ಕೇ ಬರ್ತಿತ್ತು. ಈಗ ಅಂತಹ ಮನೆಗಳಲ್ಲೇ ಅಡುಗೆಮನೆಯ ಒಳಗೆ ಹೋಗಿ, ಅವರು ಕುಡಿಯುವ ನೀರು ಸರಿ ಮಾಡಿ ಬರ್ತೇನೆ. ಪುನಃ ಅಂಗಳಕ್ಕೆ ಇಳಿ ಅಂದರೆ ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ತಿ."

ನನಗೆ ಅಳು ಬಂತು. ಸ್ಕೂಟರಿನ ಕೀ ಹುಡುಕುವ ನೆವದಲ್ಲಿ ಮುಖ ತಿರುಗಿಸಿದೆ.

ಮಣಿಪಾಲದ ಆ ಅಡುಗೆಮನೆಯಲ್ಲಿ ಅಧಿಕಾರಿಗಳು ಕೈಕಟ್ಟಿ ನಿಂತಿದ್ದರು. ಅವರ ಹೆಂಡತಿ, ಮೆತ್ತಗೆ ಮಾತಾಡುವ ಅಮ್ಮ, ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಅಕ್ಕ ಫ್ರಿಜ್ಜಿನ ಬಾಗಿಲಿಗೆ ಲೋಟ ಒತ್ತಿ, ನೀರು ಹಿಡಿದು ಮೂಸಿದರು. ಒಂದು ಹುಬ್ಬು ಏರಿತು. ಇನ್ನೊಮ್ಮೆ ಮೂಸಿದರು. ಎರಡನೆಯ ಹುಬ್ಬೂ ಏರಿತು. ಆಮೇಲೆ ಎರಡೂ ಇಳಿದು, ಕೆನ್ನೆ ಅದುರತೊಡಗಿತು. ನನಗೆ ಗೊತ್ತು ಆ ಕೆನ್ನೆ. ಬೆಕ್ಕುಗಳ ಎದುರು ಅದುರುತ್ತಿದ್ದ ಕೆನ್ನೆಯೇ ಅದು.

ಬಾಗಿಲು ತೆರೆದು ಟ್ಯಾಂಕಿನ ಹಿಂದೆ ಕೈ ಹಾಕಿದರು. ಟ್ಯಾಂಕನ್ನು ಪೂರ್ತಿ ಹೊರಗೆ ತೆಗೆಯುವುದು ಸರ್ವೀಸಿನವರು ಮಾತ್ರ. ಮನೆಯವರು ಮೇಲಿನ ಮುಚ್ಚಳ ತೆರೆದು ನೀರು ಹೊಯ್ಯುತ್ತಾರೆ, ಅಷ್ಟೆ. ಹಾಗಾಗಿ ಅದರ ಹಿಂದಿನ ನಾಲ್ಕು ಬೆರಳು ಜಾಗ, ಆ ಮನೆಯಲ್ಲಿ ಅಮ್ಮನ ಕೈ ಎಂದೂ ಹೋಗದ ಒಂದೇ ಜಾಗ. ಅಕ್ಕನ ಕೈ ಹೊರಬಂದಾಗ ಮುಷ್ಟಿ ಮುಚ್ಚಿತ್ತು. ಮುಷ್ಟಿ ನೆಟ್ಟಗೆ ಬ್ಯಾಗಿನೊಳಗೆ ಹೋಗಿ ಖಾಲಿಯಾಗಿ ಬಂತು. ಅಧಿಕಾರಿಗಳ ಕಟ್ಟಿದ್ದ ಕೈ ತನ್ನಷ್ಟಕ್ಕೇ ಬಿಚ್ಚಿಕೊಂಡಿತು. ಹಣೆಯಲ್ಲಿ ಬೆವರು.

"ಕಾರಣ ಸಿಕ್ಕಿತಾ?" ಎಂದು ಅಮ್ಮ ಕೇಳಿದರು.

"ಸಿಕ್ಕಿತು ಅಮ್ಮ."

"ಎಂತದು?"

ಹೇಳು, ಹೇಳಿಬಿಡು ಎಂದು ನಾನು ಮನಸ್ಸಿನಲ್ಲೇ ಕುಣಿಯುತ್ತಿದ್ದೆ.

"ಟ್ಯಾಂಕಿನ ಮುಚ್ಚಳದ ರಬ್ಬರ್ ಸಡಿಲ ಉಂಟು, ಹೊರಗಿನ ವಾಸನೆ ನೀರಿಗೆ ಹೋಗ್ತದೆ. ರಬ್ಬರ್ ತರಿಸಬೇಕು. ಯಾವ ವಾಸನೆ ಅಂತ ಮಾತ್ರ ಕೇಳಬೇಡಿ. ಅದು ನನ್ನ ಕೈಯದ್ದಲ್ಲ." ಅಕ್ಕ ಎರಡೂ ಅಂಗೈ ಅಮ್ಮನ ಮುಂದೆ ಹಿಡಿದರು. "ಎಂಟು ದಿನ ಇದೇ ಟ್ಯಾಂಕಿನ ನೀರು ಕುಡಿಯಿರಿ. ಒಂಬತ್ತನೇ ದಿನ ಬೆಳಿಗ್ಗೆ ನೀವೇ ಕುಡಿದು ನೋಡಿ ಅಂಗಡಿಗೆ ಫೋನ್ ಮಾಡಿ ಹೇಳಿ. ವಾಸನೆ ಉಂಟು ಅಂದರೆ ನಾನು ಅವತ್ತೇ ಬ್ಯಾಗ್ ಇಟ್ಟು ಮನೆಗೆ ಹೋಗ್ತೇನೆ. ನೀವು ಹೇಳಿದ್ದೇ ಕೊನೆ."

ಮಣಿಪಾಲದ ಇಳಿಜಾರಿನಲ್ಲಿ ಸ್ಕೂಟರ್ ಇಳಿಯುವಾಗ ನನ್ನ ಹಿಂದಿನಿಂದ ಘಮ್ಮೆಂದು ವಾಸನೆ ಬಂತು. ಬ್ರೇಕ್ ಹಾಕಿ ಬಸ್‌ಸ್ಟ್ಯಾಂಡಿನ ಬದಿಯಲ್ಲಿ ನಿಲ್ಲಿಸಿದೆ. ಅಕ್ಕನ ಕೈಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಣ ಸಿಗಡಿ ಚಟ್ನಿ.

"ಯಾನ್ ಸೈತೆ!" ಎಂದದ್ದು ಈ ಸಲ ನಾನು.

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ನಕ್ಕೆವು. ಅಕ್ಕ ಒಂದು ಚಿಟಿಕೆ ಬಾಯಿಗೆ ಹಾಕಿ ಮುಖ ಕಿವುಚಿದರು. "ಕಾಯಿ ಸರಿ ಹುರಿಯಲೇ ಇಲ್ಲ. ಪಾಪ ಮನುಷ್ಯ, ಇಷ್ಟು ಕೆಟ್ಟ ಚಟ್ನಿಗೆ ಇಷ್ಟು ಧೈರ್ಯ ಮಾಡಿದರಲ್ಲ!"

ನಗು ಇಳಿದ ಮೇಲೆ ನನಗೆ ಸಿಟ್ಟು ಏರಿತು. "ಅಲ್ಲಿಯೇ ಡಬ್ಬಿ ತೆರೆದು ತೋರಿಸಬೇಕಿತ್ತು. ತಾನು ತಿಂದು ನಿಮ್ಮ ಕೈಯನ್ನು ದೂರುವುದಾ? ಎಂತ ಜನ ಅದು!"

"ಬುಟ್ಟಿ ಹೊರುವ ಮೊದಲ ದಿನ ನನ್ನ ಅಮ್ಮ ಒಂದೇ ಮಾತು ಕಲಿಸಿದ್ದು. ಯಾರ ಮನೆಗೆ ಎಂತ ಮೀನು ಹೋಯಿತು ಅಂತ ಇನ್ನೊಬ್ಬರ ಎದುರು ಹೇಳಬಾರದು. ಅತ್ತೆಗೆ ಗೊತ್ತಿಲ್ಲದೆ ಸೊಸೆ ತೆಗೊಳ್ತಾಳೆ, ಹೆಂಡತಿಗೆ ಗೊತ್ತಿಲ್ಲದೆ ಗಂಡ. ಅದು ಅವರವರ ಹೊಟ್ಟೆಯ ವಿಷಯ."

"ಈಗ ನೀವು ಮೀನಿನವರಲ್ಲ ಅಲ್ವಾ?"

"ಮೀನು ಬಿಟ್ಟಿದ್ದೇನೆ. ಬಾಯಿ ಅದೇ ಉಂಟಲ್ಲ."

ಆಗ ನನಗೆ ಹೊಳೆಯಿತು: ಅಕ್ಕ ತಮ್ಮ ಕೆಲಸವನ್ನು ಪಣಕ್ಕಿಟ್ಟದ್ದು ಆ ಮನುಷ್ಯನ ನಾಲಗೆಯ ಮೇಲೆ. ಆತ ಎಂಟು ದಿನ ತಡೆದುಕೊಂಡರೆ ಅಕ್ಕ ಉಳಿದರು. ಒಂದು ದಿನ ಆಸೆ ಹುಟ್ಟಿತೋ, ಮುಗಿಯಿತು. ಇದನ್ನು ಹೇಳಿದಾಗ ಅಕ್ಕ ಒಂದು ಕ್ಷಣ ಯೋಚಿಸಿ, "ಹೌದಲ್ಲ ಮಾರಾಯ್ತಿ" ಎಂದರು. ಅಲ್ಲಿಯವರೆಗೆ ಅವರು ಅದನ್ನು ಯೋಚಿಸಿಯೇ ಇರಲಿಲ್ಲ.

ಆ ಎಂಟು ದಿನ ನಾವಿಬ್ಬರೂ ಪರೀಕ್ಷೆಗೆ ಕೂತ ಮಕ್ಕಳಂತಾದೆವು. ಫೋನ್ ರಿಂಗಾದರೆ ಇಬ್ಬರೂ ಒಟ್ಟಿಗೆ ಅದರ ಕಡೆ ತಿರುಗುತ್ತಿದ್ದೆವು. ಮೂರನೆಯ ದಿನ ಅಕ್ಕ, "ಈ ಹವೆಗೆ ಗಂಜಿಯ ಜೊತೆ ಎಂತಾದರೂ ಬೇಕು ಅಂತ ಅನಿಸ್ತದೆ, ಅಲ್ವಾ?"  ಎಂದು ಆಕಾಶ ನೋಡಿದರು. ನಾಲ್ಕನೆಯ ದಿನ ಮೋಡ ಕಟ್ಟಿತು; ಅಕ್ಕ ಮೋಡಕ್ಕೆ ಬೈದರು.

ಆರನೆಯ ದಿನ ಮಧ್ಯಾಹ್ನ ಅಧಿಕಾರಿಗಳೇ ಅಂಗಡಿಗೆ ಬಂದರು. ಬಡವಾದಂತೆ ಕಂಡರು. ನನ್ನ ಮೇಜಿಗೆ ಬಾಗಿ ಪಿಸುದನಿಯಲ್ಲಿ "ಅವರು ಇದ್ದಾರಾ?" ಎಂದರು. ಧಣಿಗಳು ಊಟಕ್ಕೆ ಮನೆಗೆ ಹೋಗಿದ್ದರು. ಅಕ್ಕನನ್ನು ಕಂಡೊಡನೆ ಆ ಮನುಷ್ಯ ಕೈಮುಗಿದುಬಿಟ್ಟರು.

"ನನ್ನಿಂದ ದೊಡ್ಡ ತಪ್ಪಾಯಿತು. ಹೆಂಡತಿ ವಾಸನೆ ಅಂದ ಕೂಡಲೇ ಬಾಯಿಗೆ ಬಂದದ್ದು ಹೇಳಿದೆ. ಕಾಪು ಬ್ರಾಂಚಿನಲ್ಲಿ ಇದ್ದಾಗ ಹಿಡಿದ ಚಟ ಇದು. ನಿಮ್ಮ ಧಣಿಗಳಿಗೆ ನಾನೇ ನಿಜ ಹೇಳ್ತೇನೆ."

"ಬೇಡ ಸರ್. ಧಣಿಗಳಿಗೆ ಹೇಳಿದರೆ ಸಂಜೆಗೆ ಇಡೀ ಉಡುಪಿಗೆ ಗೊತ್ತಾಗ್ತದೆ. ಇನ್ನು ಎರಡು ದಿನ ನಾಲಗೆ ಹಿಡ್ಕೊಳ್ಳಿ, ಸಾಕು." ಅಕ್ಕ ಅವರ ಮುಖವನ್ನು ದಿಟ್ಟಿಸಿದರು. "ಊಟ ಆಯಿತಾ ನಿಮ್ಮದು?"

ಗೋಡೌನಿನಲ್ಲಿ, ಫಿಲ್ಟರ್ ರಟ್ಟಿನ ಪೆಟ್ಟಿಗೆಗಳ ನಡುವೆ, ಒಂದು ಪೆಟ್ಟಿಗೆಯ ಮೇಲೆ ಕೂತು, ಅಧಿಕಾರಿಗಳು ಅಕ್ಕನ ಬುತ್ತಿಯ ಗಂಜಿ ಉಂಡರು. ಜೊತೆಗೆ ಅಕ್ಕನೇ ಹುರಿದು ಅರೆದ ಸಿಗಡಿ ಚಟ್ನಿ. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಖಾರಕ್ಕೋ ಪಶ್ಚಾತ್ತಾಪಕ್ಕೋ ದೇವರೇ ಬಲ್ಲ. ಉಳಿದ ಚಟ್ನಿಯನ್ನು ಅಕ್ಕ ಖಾಲಿ ವಾಷರ್ ಡಬ್ಬಿಯೊಂದಕ್ಕೆ ತುಂಬಿಸಿ ಕೊಟ್ಟು, "ಎಂಟು ದಿನ ಮುಗಿಯುವವರೆಗೆ ಇದು ಕಾರಿನಲ್ಲೇ ಇರಬೇಕು. ಮನೆಯ ಹೊಸ್ತಿಲು ದಾಟಬಾರದು" ಎಂದು ಬೆರಳೆತ್ತಿ ಹೇಳಿದರು. ಅವರು ಶಾಲೆಯ ಹುಡುಗನಂತೆ ತಲೆಯಾಡಿಸಿದರು.

ಒಂಬತ್ತನೆಯ ದಿನ ಬೆಳಿಗ್ಗೆ ಫೋನು ಬಂತು. ಧಣಿಗಳು, ಅಕ್ಕ, ನಾನು ಮೂವರೂ ಅದರ ಸುತ್ತ. ಅಕ್ಕ ಬ್ಯಾಗನ್ನು ಆಗಲೇ ಧಣಿಗಳ ಮೇಜಿನ ಮೇಲೆ ಇಟ್ಟಾಗಿತ್ತು.

"ಅಮ್ಮ, ನೀರು ಕುಡಿದಿರಾ?" ಎಂದೆ.

"ಒಂದು ನಿಮಿಷ ಮಗಾ" ಎಂದಿತು ಆ ಮೆತ್ತಗಿನ ದನಿ. ಗುಟುಕು ಗುಟುಕಾಗಿ ಕುಡಿಯುವ ಸದ್ದು ಕೇಳಿಸಿತು. ಲೋಟ ಕೆಳಗಿಟ್ಟ ಸದ್ದು. "ಕುಡಿದೆ. ಎಂತ ವಾಸನೆಯೂ ಇಲ್ಲ. ಇನ್ನು ಮುಂದೆ ನಮ್ಮ ಮನೆಗೆ ಅವರನ್ನೇ ಕಳಿಸಿ, ಬೇರೆ ಯಾರೂ ಬೇಡ."

ಎಷ್ಟು ಪ್ರಾಮಾಣಿಕ ಹೆಂಗಸು, ಫೋನಿನಲ್ಲಿ ಇನ್ನೊಮ್ಮೆ ಕುಡಿದು ನೋಡಿಯೇ ಹೇಳಿದರಲ್ಲ ಎಂದು ಧಣಿಗಳು ಮೆಚ್ಚಿಕೊಂಡರು. ಅಕ್ಕ ಬ್ಯಾಗು ಎತ್ತಿಕೊಂಡು, ಏನೂ ಆಗಿಲ್ಲವೆಂಬಂತೆ, ಕೆಮ್ಮಣ್ಣಿನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು. ನಾನು ಮಾತ್ರ ಗೋಡೌನಿಗೆ ಹೋಗಿ ಒಬ್ಬಳೇ ನಾಲ್ಕು ಹೆಜ್ಜೆ ಕುಣಿದು ಬಂದೆ.

ಅಲ್ಲಿಂದ ಮೂರು ವರ್ಷ, ಪ್ರತಿ ಬುಧವಾರ ಮಧ್ಯಾಹ್ನ ಅಧಿಕಾರಿಗಳು "ಸ್ವಲ್ಪ ಫಿಲ್ಟರಿನ ವಿಷಯ ಮಾತಾಡಲಿಕ್ಕುಂಟು" ಎಂದು ಅಂಗಡಿಗೆ ಬಂದು ನೇರ ಗೋಡೌನಿಗೆ ಹೋಗುತ್ತಿದ್ದರು. ಅವರಿಗೆಂದು ಒಂದು ಸ್ಟೀಲ್ ಬಟ್ಟಲು ಅಲ್ಲೇ ಇತ್ತು. ಧಣಿಗಳಿಗೆ ಅವರು ನೀರಿನ ಬಗ್ಗೆ ಅಪಾರ ಆಸಕ್ತಿಯಿರುವ ಮನುಷ್ಯ ಎಂದೇ ನಂಬಿಕೆ.

ಹೋದ ತಿಂಗಳು ಅಕ್ಕ ಕೆಲಸ ಬಿಟ್ಟರು. ಮೆಟ್ಟಿಲು ಹತ್ತಲು ಮಂಡಿ ಕೇಳುವುದಿಲ್ಲ. ಮೊನ್ನೆ ಬುಧವಾರ ಬೆಳಿಗ್ಗೆ ಆ ಅಮ್ಮ ಒಬ್ಬರೇ ಅಂಗಡಿಗೆ ಬಂದು ನನ್ನ ಎದುರಿನ ಸ್ಟೂಲಿನಲ್ಲಿ ಕೂತರು.

"ಅವರು ಬಿಟ್ಟರಂತೆ. ಇನ್ನು ನಮ್ಮವರು ಬುಧವಾರ ಊಟಕ್ಕೆ ಎಲ್ಲಿಗೆ ಹೋಗುವುದು?"

ನನ್ನ ಕೈಯ ಪೆನ್ನು ಬಿತ್ತು.

"ವಾರವಾರ ವಾಟರ್ ಫಿಲ್ಟರ್ ಅಂಗಡಿಗೆ ಹೋಗುವ ಗಂಡಸು ಲೋಕದಲ್ಲಿ ಬೇರೆ ಯಾರಾದರೂ ಉಂಟಾ ಮಗಾ?" ಎಂದು ಅಮ್ಮ ನಕ್ಕರು. ಆಮೇಲೆ ನಿಧಾನವಾಗಿ ಹೇಳಿದರು. "ಆ ಒಂಬತ್ತನೇ ದಿನ ಉಂಟಲ್ಲ. ಇವರು ಬ್ಯಾಂಕಿನಲ್ಲಿ ಇದ್ದವರು, ದಿನ ಎಣಿಸಲಿಕ್ಕೆ ಬರಲಿಲ್ಲ. ನೀವು ಬಂದ ದಿನವನ್ನೂ ಸೇರಿಸಿಕೊಂಡು, ಎಂಟು ದಿನ ಮುಗಿಯಿತು ಅಂತ ಹಿಂದಿನ ಸಂಜೆಯೇ ಡಬ್ಬಿ ತಂದು ಪುನಃ ಅಲ್ಲೇ ಇಟ್ಟಿದ್ದರು. ಬೆಳಿಗ್ಗೆ ಮೊದಲ ಗುಟುಕಿಗೇ ನನಗೆ ಗೊತ್ತಾಯಿತು. ನಿಮ್ಮ ಅಕ್ಕ ಕೈ ಹಾಕಿದ ಜಾಗದಲ್ಲೇ ಕೈ ಹಾಕಿದೆ. ಡಬ್ಬಿ ಸಿಕ್ಕಿತು. ಮೇಲೆ ನಿಮ್ಮ ಅಂಗಡಿಯ ಸ್ಟಿಕ್ಕರ್ ಬೇರೆ."

"ಮತ್ತೆ ಫೋನಿನಲ್ಲಿ ವಾಸನೆ ಇಲ್ಲ ಅಂದಿರಲ್ಲ ಅಮ್ಮ?"

"ಅವರು ನನ್ನ ಮನೆಯ ಮಾನ ಮುಷ್ಟಿಯಲ್ಲಿ ಮುಚ್ಚಿಕೊಂಡು ಹೋಗಿದ್ದರು. ನನಗೆ ಒಂದು ಲೋಟ ನೀರು ಕುಡಿಯಲಿಕ್ಕೆ ಆಗುವುದಿಲ್ವಾ? ಕುಡಿದು ಹೇಳಿ ಅಂದಿದ್ದರು. ನೀನೂ ಕೇಳಿದೆ. ಅದಕ್ಕೆ ಉಳಿದದ್ದನ್ನೂ ಕುಡಿದೇ ಹೇಳಿದೆ."

ಅವತ್ತೇ ಅರ್ಧ ದಿನ ರಜೆ ಹಾಕಿ ಕಾಪುವಿಗೆ ಸ್ಕೂಟರ್ ಓಡಿಸಿದೆ. ಅಕ್ಕ ಜಗಲಿಯಲ್ಲಿ ಕಾಲು ಚಾಚಿ, ಮಂಡಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದರು. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ದಿನ ಎಣಿಸಿದ ಕಥೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀರು ಕುಡಿದ ಕಥೆಗೆ ನಗು ನಿಂತಿತು.

"ಪೂರ್ತಿ ಕುಡಿದರಾ?"

"ಪೂರ್ತಿ."

"ಮೊಟ್ಟೆ ಒಡೆದ ಪಾತ್ರೆಯನ್ನೂ ಮುಟ್ಟದ ಹೆಂಗಸು ಅದು" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಗೋಡೆ ಹಿಡಿದು ಎದ್ದೇಬಿಟ್ಟರು. "ಆ ಮನೆಯ ಫಿಲ್ಟರ್ ತೊಳೆದು ಆರು ತಿಂಗಳಾಯಿತು. ನಿಮ್ಮ ಹೊಸ ಮೆಕ್ಯಾನಿಕ್ ಮುಟ್ಟುವುದು ಬೇಡ. ಸ್ಕೂಟರ್ ತಿರುಗಿಸು."

"ಅಕ್ಕ, ಮೂರು ಮಾಳಿಗೆ ಉಂಟು, ಲಿಫ್ಟು ಕೆಟ್ಟಿದೆ!"

"ಕೂತು ಕೂತು ಹತ್ತುತ್ತೇನೆ."

"ಸ್ಪ್ಯಾನರ್ ಎಲ್ಲ ಅಂಗಡಿಗೆ ವಾಪಸ್ ಕೊಟ್ಟಾಯಿತಲ್ಲ?"

ಅಕ್ಕ ಆಗಲೇ ಅಂಗಳ ದಾಟಿ, ಸ್ಕೂಟರಿನ ಹಿಂದಿನ ಸೀಟು ಹತ್ತಿ ಕೂತಾಗಿತ್ತು. ಅವರು ಹುಣಸೆಹುಳಿಯ ಡಬ್ಬಿ ಹುಡುಕಲಿಲ್ಲ, ನಳ್ಳಿಯ ಹತ್ತಿರವೂ ಹೋಗಲಿಲ್ಲ.

"ಕೈ ಉಂಟಲ್ಲ ಮಾರಾಯ್ತಿ" ಎಂದರು. "ನಡಿ."